ಅಡಿಹಾಳೆ

ಬೊಲೊನ್ಯಾ, ೯ ಏಪ್ರಿಲ್ ೧೬೨೩

ಮಗು ಫುಲ್ವಿಯೋ,

ಗಾಡಿಯವನು ಮೆಂಗೋ ಬಾಗಿಲಲ್ಲಿ ನಿಂತು ತನ್ನ ಹೇಸರಗತ್ತೆಗಳಿಗೆ ಬೈಯುತ್ತಿದ್ದಾನೆ. ಅವನು ಬೈದು ಮುಗಿಸುವಷ್ಟರಲ್ಲಿ ನಾನು ಈ ಕಾಗದ ಮುಗಿಸಬೇಕು. ಅವನ ಬೈಗುಳದ ಭಂಡಾರ ನಿನಗೆ ಗೊತ್ತಲ್ಲ, ಹಾಗಾಗಿ ಅವಸರವೇನಿಲ್ಲ.

ಮೇಣಬಟ್ಟೆ ಸುತ್ತಿದ ಸುರುಳಿಯಲ್ಲಿ ನಾಲ್ಕು ಹಾಳೆಗಳಿವೆ. ಸಂತ ಅಗಾಥಾ ಒಂದು, ಎಡಗಡೆಯ ದೇವದೂತರು ಎರಡು, ಮೋಡ ಒಂದು. ಆ ಮೋಡಕ್ಕೆ ನಿಮ್ಮಪ್ಪನಿಗೆ ಎರಡು ದಿನ ಹಿಡಿಯಿತು. "ಮೋಡಕ್ಕೆ ಯಾಕ್ರೀ ಇಷ್ಟು ಹೊತ್ತು?" ಅಂದೆ. "ಅದ್ರ ಮೇಲೆ ದೇವದೂತ ಕೂತ್ಕೋಬೇಕು ಕಣೇ, ಜಾರಿ ಬಿದ್ರೆ ನೀನು ಹಿಡೀತೀಯಾ?" ಅಂದರು.

ನಿನ್ನ ಹೊಸ ಗಾರೆಯವನಿಗೆ ಮೊದಲೇ ಹೇಳಿಬಿಡು. ಹಾಳೆ ಬಿಚ್ಚಿದರೆ ಚಿತ್ರವೇ ಇಲ್ಲ, ಬರೀ ತೂತು ಎಂದು ಅವನು ಗಾಬರಿಯಾಗದಿರಲಿ. ಬೇರೆಯವರು ಬರೆದ ಹಾಳೆಯನ್ನೇ ಗೋಡೆಗೆ ಹಚ್ಚಿ ಇದ್ದಿಲ ಪುಡಿಯಲ್ಲಿ ಹಾಳು ಮಾಡುತ್ತಾರೆ. ನಮ್ಮ ಬೆರ್ತಾಕಿ ಮನೆಯಲ್ಲಿ ಹಾಗಿಲ್ಲ. ಬರೆದ ಹಾಳೆಯ ಕೆಳಗೆ ಖಾಲಿ ಹಾಳೆಯೊಂದನ್ನಿಟ್ಟು ನಾನು ಗೆರೆಯ ಗುಂಟ ಸೂಜಿಯಲ್ಲಿ ಚುಚ್ಚುತ್ತೇನೆ. ಮೇಲಿನ ಹಾಳೆ ಚಿತ್ರಶಾಲೆಯ ಗೋಡೆಗೆ, ಹುಡುಗರು ನೋಡಿ ಕಲಿಯಲಿ ಎಂದು. ತೂತು ಬಿದ್ದ ಅಡಿಹಾಳೆ ನಿಮ್ಮ ಹಸಿ ಗಾರೆಗೆ. ಮೇಲೆ ಇದ್ದಿಲ ಪುಡಿಯ ಗಂಟನ್ನು ತಟ್ಟಿದರೆ ದೇವದೂತ ಚುಕ್ಕೆಚುಕ್ಕೆಯಾಗಿ ಇಳಿದು ಬರುತ್ತಾನೆ ಎಂದು ಹೇಳು. ಮೂವತ್ತೊಂದು ವರ್ಷದಿಂದ ಈ ಮನೆಯ ದೇವದೂತರೆಲ್ಲ ಹಾಗೆಯೇ ಇಳಿದದ್ದು.

ನಿಮ್ಮಪ್ಪನ ಮೊಣಕಾಲು ಅಟ್ಟಣೆ ಹತ್ತಲು ಒಪ್ಪುವುದಿಲ್ಲ, ಅದಕ್ಕೇ ಕನ್ಯಾಸ್ತ್ರೀಯರ ಮಠದ ಗುಡಿಯ ಗೋಡೆಗೆ ಬಣ್ಣ ಹಚ್ಚಲು ನೀನು ಅಲ್ಲಿದ್ದೀಯ. ಆದರೆ ಕರಾರು ಮರೆಯಬೇಡ. ಗೆರೆಯೆಲ್ಲ ಎರ್ಕೊಲೆ ಬೆರ್ತಾಕಿಯ ಸ್ವಂತ ಕೈಯದಾಗಿರಬೇಕು ಎಂದು ಮಠದ ತಾಯಿ ಬರೆಸಿಕೊಂಡಿದ್ದಾರೆ. ನಿನಗೆ ತೋಚಿದಂತೆ ತಿದ್ದಲು ಹೋಗಬೇಡ.

ನೀವಿಬ್ಬರೂ ಮಾತು ಬಿಟ್ಟು ಎರಡು ವರ್ಷವಾಯಿತು. "ಈ ಮನೇಲಿ ಇಪ್ಪತ್ತು ಕೈ, ಗೆರೆ ಮಾತ್ರ ಒಂದೇ" ಎಂದೆ ನೀನು. "ನಿನ್ ಗೆರೆ ಬೇಕಾದ್ರೆ ಹೊರಗೆ ಹೋಗಿ ಹುಡುಕ್ಕೋ" ಎಂದರು ಅವರು. ನೀನು ಬಾಗಿಲಲ್ಲಿ ನಿಂತು ಕೊನೆಗೆ ಆಡಿದ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ನಿನಗೂ ನೆನಪಿದೆ, ಅವರಿಗೂ ನೆನಪಿದೆ.

ನಿನ್ನೆ ಅವರ ಎಡಗೈ ಕಿರುಬೆರಳಿಗೆ ಎಣ್ಣೆ ತಿಕ್ಕುತ್ತಿದ್ದೆ. ನೀನು ಹುಟ್ಟಿದ ಸುದ್ದಿ ಕೇಳಿ, ಅಟ್ಟಣೆಯ ಏಣಿಯ ಮೆಟ್ಟಿಲು ಮೂರು ಬಿಟ್ಟು ಇಳಿದು, ಸೊಟ್ಟ ಮಾಡಿಕೊಂಡ ಬೆರಳು ಅದು. ಮಳೆ ಬರುವ ಮುಂಚೆ ಇನ್ನೂ ನೋಯುತ್ತದಂತೆ. ಅದನ್ನು ನಿನಗೆ ಬರೆಯಬಾರದು ಎಂದಿದ್ದಾರೆ, ಆದ್ದರಿಂದ ಬರೆದಿದ್ದೇನೆ.

ಹೊಟ್ಟೆ ತುಂಬ ಉಣ್ಣು.

ನಿನ್ನ ಅಮ್ಮ,
ಇಪ್ಪೊಲಿತಾ


ಪ್ಯಾಚೆಂಜಾ, ೨ ಮೇ ೧೬೨೩

ಅಮ್ಮಾ,

ಹಾಳೆಗಳು ಒಂದು ಮಡಿಕೆಯೂ ಇಲ್ಲದೆ ಬಂದವು. ಮೆಂಗೋನ ಬೈಗುಳವೂ ಅವನ ಜೊತೆಯಲ್ಲೇ ಬಂತು. ಮಠದ ಬಾಗಿಲಲ್ಲಿ ಅವನ ಹೇಸರಗತ್ತೆಗಳು ಕೇಳಿಸಿಕೊಂಡದ್ದನ್ನು ಇಬ್ಬರು ಕನ್ಯಾಸ್ತ್ರೀಯರೂ ಕೇಳಿಸಿಕೊಂಡರು. ಒಬ್ಬರು ಶಿಲುಬೆಯ ಗುರುತು ಮಾಡಿಕೊಂಡರು. ಇನ್ನೊಬ್ಬರು ನಕ್ಕರು. ನಕ್ಕವರು ಮಠದ ಹಿರಿಯ ತಾಯಿ ಸ್ಕೊಲಾಸ್ತಿಕಾ.

ಅಗಾಥಾಳ ತಲೆ, ಭುಜ ಮುಗಿದವು. ನಾಳೆ ಸೆರಗು. ಗಾರೆಯವನು ಬಾಸ್ತಿಯಾನೋ ಒಳ್ಳೆಯವನು. ನಾನು ಒಂದು ದಿನದಲ್ಲಿ ಬಳಿಯಬಲ್ಲಷ್ಟೇ ಜಾಗಕ್ಕೆ ಗಾರೆ ಮೆತ್ತುತ್ತಾನೆ, ಒಂದು ಅಂಗೈಯಗಲವೂ ಹೆಚ್ಚಿಲ್ಲ. ಪುಡಿ ತಟ್ಟಿ ಹಾಳೆ ಎತ್ತಿದಾಗ ಮಾತ್ರ ಪ್ರತಿ ಸಲ ಬಾಯಿ ಬಿಟ್ಟುಕೊಂಡು ನೋಡುತ್ತಾನೆ. "ಖಾಲಿ ಕಾಗದದೊಳಗಿಂದ ಮುಖ ಬರ್ತದಲ್ಲ ಸ್ವಾಮಿ" ಎನ್ನುತ್ತಾನೆ.

ಒಂದು ಮಾತು. ಅಪ್ಪನಿಗೆ ಹೇಳಬೇಡ. ಅರವತ್ತಾರಕ್ಕೆ ಅವರ ಗೆರೆ ಗಟ್ಟಿಯಾಗಿ, ಒಣಗಿ, ಹಳಸಿರುತ್ತದೆ ಎಂದುಕೊಂಡೇ ನಾನು ಸುರುಳಿ ಬಿಚ್ಚಿದ್ದು. ಹಾಗಾಗಿಲ್ಲ. ಮೊದಲಿಗಿಂತ ಮೆತ್ತಗಾಗಿದೆ. ಅಗಾಥಾಳ ಗಲ್ಲದ ಕೆಳಗಿನ ಆ ಸಣ್ಣ ತಿರುವು, ಅದನ್ನು ಅವರು ನಲವತ್ತರಲ್ಲಿ ಬರೆಯುತ್ತಿರಲಿಲ್ಲ. ಆಗ ಅವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಜೊತೆಗೆ ಸಂತೋಷವೂ ಆಯಿತು. ಯಾವುದು ಎಷ್ಟು ಎಂದು ತೂಗಲು ಹೋಗಿಲ್ಲ.

ಮತ್ತೊಮ್ಮೆ ಹೇಳುತ್ತೇನೆ, ಅವರಿಗೆ ಹೇಳಬೇಡ.

ನಿನ್ನ
ಫುಲ್ವಿಯೋ


ಬೊಲೊನ್ಯಾ, ೨೦ ಮೇ ೧೬೨೩

ಮಗು,

ಹೇಳಿಬಿಟ್ಟೆ. ಹೇಳಬೇಡ ಎಂದು ಎರಡೆರಡು ಸಲ ಬರೆದರೆ ಯಾವ ತಾಯಿ ತಾನೇ ಸುಮ್ಮನಿರುತ್ತಾಳೆ? ಊಟಕ್ಕೆ ಕೂತಾಗ ಓದಿದೆ. ಅವರು ಕೇಳಿಸದವರಂತೆ ರೊಟ್ಟಿ ಮುರಿಯುತ್ತಿದ್ದರು. ಆಮೇಲೆ "ಆ ಗಲ್ಲದ ಭಾಗ ಇನ್ನೊಂದ್ಸಲ ಓದು, ಗಾಡಿ ಸದ್ದಿಗೆ ಕೇಳಿಸ್ಲಿಲ್ಲ" ಅಂದರು. ಬೀದಿಯಲ್ಲಿ ಗಾಡಿಯೇ ಇರಲಿಲ್ಲ. ಆ ದಿನ ಎರಡು ಬಟ್ಟಲು ಸೂಪು ಕುಡಿದರು.

ಶನಿವಾರದ ಗೋಡೆ ಹಾಗೇ ನಡೆದಿದೆ. ವಾರವಿಡೀ ಬರೆದದ್ದನ್ನು ಹುಡುಗರು ಹೆಸರು ಹಾಕದೆ ಗೋಡೆಗೆ ಚುಚ್ಚುತ್ತಾರೆ, ನಿಮ್ಮಪ್ಪ ಒಂದೊಂದರ ಮುಂದೆ ನಿಂತು ಯಾರದ್ದೆಂದು ನೋಡದೆ ತೀರ್ಪು ಹೇಳುತ್ತಾರೆ. ಈಗ ಹತ್ತಿರದ್ದು ಅವರಿಗೆ ಮಂಜು. ಹಾಗಾಗಿ ಹಿಂದಕ್ಕೆ ಸರಿದು, ತಲೆ ಓರೆ ಮಾಡಿ, ಅಂದಾಜಿನ ಮೇಲೆ ಹೇಳುತ್ತಾರೆ. ಒಪ್ಪಿಕೊಳ್ಳುವುದಿಲ್ಲ. "ಚಿತ್ರಾನ ದೂರದಿಂದ್ಲೇ ನೋಡ್ಬೇಕು" ಎನ್ನುತ್ತಾರೆ. ತಾವು ಬರೆದ ಹಾಳೆಯನ್ನು ಮಾತ್ರ ತಿರುಗಿ ನೋಡುವುದಿಲ್ಲ. ಎಳೆದ ಗೆರೆ ಎಳೆದಾಯಿತು ಎನ್ನುವುದು ಅವರ ಹಳೆಯ ಹಟ.

ನಿನ್ನ ಹೊಗಳಿಕೆಗೆ ಅವರ ಉತ್ತರ: "ಅವ್ನ ನೆರಳು ಭಾರ ಆಗ್ತದೆ, ನೀಲಿ ಕಮ್ಮಿ ಹಾಕು ಅನ್ನು." ಇದನ್ನು ಪ್ರೀತಿ ಎಂದು ಓದಿಕೋ. ನಾನು ಮೂವತ್ತೊಂದು ವರ್ಷದಿಂದ ಹಾಗೆಯೇ ಓದಿಕೊಂಡಿದ್ದೇನೆ.

ನಿನ್ನ ಅಮ್ಮ,
ಇಪ್ಪೊಲಿತಾ


ಪ್ಯಾಚೆಂಜಾ, ೨೪ ಜುಲೈ ೧೬೨೩

ಅಮ್ಮಾ,

ಕೋಪದಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ತುತ್ತೂರಿ ಊದುವ ದೇವದೂತನ ಹಾಳೆ ನಿನ್ನೆ ಬಂತು. ಇವತ್ತು ಬೆಳಿಗ್ಗೆ ಬಾಸ್ತಿಯಾನೋ ಗಾರೆ ಮೆತ್ತಿದ ಮೇಲೆ ಬಿಚ್ಚಿ ನೋಡಿದರೆ ಅದು ಅಡಿಹಾಳೆಯಲ್ಲ, ಅಪ್ಪ ಬರೆದ ಮೇಲಿನ ಹಾಳೆಯೇ! ಸುತ್ತುವಾಗ ಅದಲುಬದಲು ಮಾಡಿದ್ದೀಯ. ಅದಾದರೂ ಹೋಗಲಿ. ಹತ್ತಿರ ಹಿಡಿದು ನೋಡಿದರೆ ನಿನ್ನ ಸೂಜಿ ಗೆರೆಯ ಮೇಲೆ ನಡೆದೇ ಇಲ್ಲ. ಕೆನ್ನೆಯಲ್ಲಿ ಗೆರೆ ಒಂದು ಕಡೆ, ತೂತು ಒಂದು ಕಡೆ. ಮೂಗಿನ ತುದಿಯಲ್ಲಂತೂ ಒಂದು ಬಾರ್ಲಿ ಕಾಳಿನಷ್ಟು ದೂರ.

ಗಾರೆ ಒಣಗುತ್ತಿತ್ತು, ಏನು ಮಾಡಲಿ? ಬಾಸ್ತಿಯಾನೋ ಬೇರೆ "ಸ್ವಾಮೀ, ಬೇಗ, ಬೇಗ" ಎಂದು ಜೀವ ತಿನ್ನುತ್ತಿದ್ದ. ತೂತಿದ್ದ ಕಡೆಯೇ ಪುಡಿ ಬಿತ್ತು, ಪುಡಿ ಬಿದ್ದ ಕಡೆಯೇ ಬರೆದೆ. ಮುಖ ಹೇಗೆ ಬಂದಿದೆಯೋ ದೇವರೇ ಬಲ್ಲ. ಅಟ್ಟಣೆಯ ಮೇಲೆ ಮೂಗಿಗೆ ಮೂಗು ತಾಗಿಸಿಕೊಂಡು ಕೂತವನಿಗೆ ಏನು ಕಾಣುತ್ತದೆ?

ಅಮ್ಮಾ, ನಿನ್ನ ಕಣ್ಣು ಸೋತಿದೆ. ನೀನು ಹೇಳುತ್ತಿಲ್ಲ, ಅಷ್ಟೇ. ಮಠದ ಎದುರಿನ ಅಂಗಡಿಯಲ್ಲಿ ಒಂದು ಕನ್ನಡಕ ಕೊಂಡು ಮೆಂಗೋನ ಕೈಯಲ್ಲಿ ಕಳಿಸಿದ್ದೇನೆ. ನಾಚಿಕೆಪಡದೆ ಹಾಕಿಕೋ.

ಫುಲ್ವಿಯೋ


ಬೊಲೊನ್ಯಾ, ೬ ಆಗಸ್ಟ್ ೧೬೨೩

ಮಗು,

ನೀನು ಹೇಳಿದ್ದೇ ಸರಿ. ಕಣ್ಣು ಮೊದಲಿನಂತಿಲ್ಲ. ಆ ದಿನ ಹುಡುಗನೊಬ್ಬನಿಗೆ ಮೂಗಿನಲ್ಲಿ ರಕ್ತ, ಒಲೆಯ ಮೇಲೆ ಹಾಲು, ಬಾಗಿಲಲ್ಲಿ ಮೆಂಗೋ. ಕೈಗೆ ಸಿಕ್ಕಿದ್ದನ್ನು ಸುತ್ತಿಬಿಟ್ಟೆ. ತಪ್ಪು ನನ್ನದು.

ಕನ್ನಡಕ ಚೆನ್ನಾಗಿ ಕೂರುತ್ತದೆ.

ಆ ಹಾಳೆಯನ್ನು ತಕ್ಷಣ ವಾಪಸು ಕಳಿಸು. ಯಾರಿಗೂ ತೋರಿಸಬೇಡ. ಮಠದ ತಾಯಿಗಂತೂ ಬೇಡವೇ ಬೇಡ.

ಅಮ್ಮ


ಪ್ಯಾಚೆಂಜಾ, ೧೯ ಆಗಸ್ಟ್ ೧೬೨೩

ಅಮ್ಮಾ,

ಹಾಳೆ ಕಳಿಸುವುದಿಲ್ಲ.

ಮೊನ್ನೆ ಅಟ್ಟಣೆಯ ಆ ಭಾಗ ಬಿಚ್ಚಿದೆವು. ನೆಲದ ಮೇಲೆ ನಿಂತು ತಲೆ ಎತ್ತಿದೆ. ಕೆಟ್ಟಿರುತ್ತದೆ ಎಂದುಕೊಂಡ ದೇವದೂತನ ಮುಖವೇ ಇಡೀ ಗುಡಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದೆ. ತುತ್ತೂರಿ ಊದಲು ಉಸಿರು ತುಂಬಿಕೊಂಡ ಕೆನ್ನೆ, ಈಗಲೇ ಬಿಡುತ್ತಾನೆ ಅನ್ನಿಸುತ್ತದೆ. ಬಾಸ್ತಿಯಾನೋ ಟೋಪಿ ತೆಗೆದ.

ಆಮೇಲೆ ಹಾಳೆಯನ್ನು ನನ್ನ ಕೋಣೆಯ ಕಿಟಕಿಗೆ ಅಂಟಿಸಿದೆ. ಹಿಂದಿನಿಂದ ಬಿಸಿಲು ಬಂದಾಗ ನಿನ್ನ ತೂತುಗಳೆಲ್ಲ ಹೊತ್ತಿಕೊಂಡವು. ಒಂದಾದರೂ ದಾರಿ ತಪ್ಪಿಲ್ಲ. ಒಂದೇ ಉಸಿರಿನಲ್ಲಿ ಎಳೆದ ಗೆರೆ. ಅದರ ಆಚೆ ಈಚೆ ಅಪ್ಪನ ಇದ್ದಿಲು ಓಡಾಡಿದೆ. ನಡುಗಿದೆ. ಒಂದು ಕಡೆ ನಿಂತು, ಮತ್ತೆ ಹೊರಟು, ಗುರಿ ದಾಟಿ ಹೋಗಿದೆ. ಅಮ್ಮಾ, ತಪ್ಪಿದ್ದು ನಿನ್ನ ಸೂಜಿಯಲ್ಲ.

ಎಷ್ಟು ದಿನದಿಂದ?

ಅಗಾಥಾಳ ಗಲ್ಲವನ್ನು ಹೊಗಳಿದ್ದೆನಲ್ಲ, ಅದು ಯಾರ ಗೆರೆ ಎಂದು ಈಗ ಗೊತ್ತಾಗಿದೆ. ನಾನು ಬಾಗಿಲಲ್ಲಿ ನಿಂತು ಅವರಿಗೆ ಹೇಳಿದ ಮಾತನ್ನು ನೀನು ಬರೆಯಲಿಲ್ಲ. ನಾನೇ ಬರೆಯುತ್ತೇನೆ. "ನಿಮ್ಮ ಕೈ ನಿಂತ ದಿನ ಈ ಶಾಲೆ ಮುಚ್ಚತ್ತೆ, ಅಷ್ಟೇ ಇದರ ಯೋಗ್ಯತೆ" ಎಂದಿದ್ದೆ. ಆಗಲೇ ಅವರ ಕೈ ನಡುಗುತ್ತಿತ್ತೇ? ಅದನ್ನಾದರೂ ಹೇಳು.

ನಾನು ಬರಲೇ?

ಫುಲ್ವಿಯೋ


ಬೊಲೊನ್ಯಾ, ೩೦ ಆಗಸ್ಟ್ ೧೬೨೩

ನನ್ನ ಕಂದಾ,

ಬರಬೇಡ. ಈಗ ನೀನು ಬಂದರೆ ಯಾಕೆ ಬಂದೆ ಎಂದು ಅವರು ಕೇಳುತ್ತಾರೆ. ಸುಳ್ಳು ಹೇಳಲು ನಿನಗೆ ಬರುವುದಿಲ್ಲ, ನನ್ನ ಮಗನಾಗಿಯೂ.

ನೀನು ಹೋದ ಚಳಿಗಾಲದಲ್ಲಿ ಶುರುವಾಯಿತು. ನೀನು ಹೋದದ್ದರಿಂದಲ್ಲ, ಹಾಗೆಂದುಕೊಂಡು ಕೊರಗಬೇಡ. ಅವರ ತಂದೆಗೂ ಹೀಗೇ ಆಗಿತ್ತು. ಮೊದಲು ನೋಡಿದ್ದು ಚಮಚದಲ್ಲಿ. ಸೂಪು ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಮೇಜಿನ ಮೇಲೆ. "ಚಮಚ ಸರಿಯಿಲ್ಲ" ಎಂದರು. ಚಮಚ ಬದಲಿಸಿದೆ. ಆಮೇಲಿನಿಂದ ಸೂಪನ್ನು ಬಟ್ಟಲಲ್ಲಿ ಕೊಡುತ್ತೇನೆ, ಎತ್ತಿ ಕುಡಿಯಲಿ ಎಂದು.

ಆ ವರ್ಷದ ಒಂದು ಹಾಳೆ, ಮೇರಿ ಮಾತೆಯ ಮುಖ. ಗಲ್ಲದ ಹತ್ತಿರ ಗೆರೆ ಹಾದಿ ಬಿಟ್ಟಿತ್ತು. ಸೂಜಿ ಹಿಡಿದು ತುಂಬಾ ಹೊತ್ತು ಕೂತೆ. ಗೆರೆ ಎಲ್ಲಿಗೆ ಹೋಗಬೇಕೆಂದಿತ್ತು ಎಂದು ನನಗೆ ಗೊತ್ತಿತ್ತು. ಅಷ್ಟು ವರ್ಷ ಅದರ ಹಿಂದೆಯೇ ನಡೆದಿದ್ದೇನೆ, ಗೊತ್ತಾಗದೆ ಇರುತ್ತದೆಯೇ? ಅಲ್ಲಿ ಚುಚ್ಚಿದೆ. ಮೊದಲ ದಿನ ಕಳ್ಳತನ ಮಾಡಿದಂತೆ ಅನ್ನಿಸಿತು. ಈಗ ಅಭ್ಯಾಸವಾಗಿದೆ. ಮುಖದ ಭಾವ ಅವರದು, ಕೈಕಾಲಿನ ಇರವು ಅವರದು, ಯಾರು ಯಾರ ಕಡೆ ನೋಡಬೇಕು ಎಂಬುದೆಲ್ಲ ಅವರದು. ನಾನು ನಡುಕವನ್ನಷ್ಟೇ ಬಿಟ್ಟುಬಿಡುತ್ತೇನೆ. ಚಿತ್ರ ಬರೆಯಲು ನನಗೆ ಬರುವುದಿಲ್ಲ ಮಗು. ಕಸೂತಿ ಹಾಕುವವಳ ಮಗಳು ನಾನು, ದಾರ ಎಲ್ಲಿ ಸಡಿಲವಾಗಿದೆ ಎಂದು ಗೊತ್ತಾಗುತ್ತದೆ, ಅಷ್ಟೇ.

ಕೈ ನಡುಗುತ್ತದೆಂದು ಅವರಿಗೆ ಗೊತ್ತು. ಆದರೆ ಇದ್ದಿಲು ಹಿಡಿದಾಗ ನಿಲ್ಲುತ್ತದೆ ಎಂದು ನಂಬಿದ್ದಾರೆ. ಪ್ಯಾಚೆಂಜಾದಿಂದ ಹೊಗಳಿಕೆ ಬಂದಾಗಲೆಲ್ಲ ಆ ನಂಬಿಕೆ ಗಟ್ಟಿಯಾಗುತ್ತದೆ. ಆ ನಂಬಿಕೆ ಹೋದರೆ ಅವರು ಶಾಲೆಯ ಬಾಗಿಲು ಹಾಕಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಾರೆ. ನನ್ನ ಭಯ ಇದೊಂದೇ. ಕರಾರು, ಮಠ, ಹೆಸರು ಎಲ್ಲ ಆಮೇಲಿನ ಮಾತು. ನನಗೆ ಆ ಮನುಷ್ಯ ಬೆಳಿಗ್ಗೆ ಎದ್ದು "ಇದ್ದಿಲು ಎಲ್ಲೇ?" ಎಂದು ಕೂಗಬೇಕು.

ಆದ್ದರಿಂದ ನೀನು ಏನನ್ನೂ ನೋಡಿಲ್ಲ. ನನ್ನ ಕಣ್ಣು ಸೋತಿದೆ. ಹಾಗೇ ಇರಲಿ.

ಅಮ್ಮ


ಬೊಲೊನ್ಯಾ, ೨೫ ಸೆಪ್ಟೆಂಬರ್ ೧೬೨೩

ಫುಲ್ವಿಯೋ,

ಅವರಿಗೆ ಗೊತ್ತಾಗಿಹೋಯಿತು. ನಿನ್ನ ಕನ್ನಡಕದಿಂದ.

ನಾನು ಅದನ್ನು ಹಾಕಿಕೊಳ್ಳುತ್ತಲೇ ಇರಲಿಲ್ಲ, ನನಗೆ ಬೇಕಿರಲಿಲ್ಲ. ಕಿಟಕಿಯ ಗೂಡಿನಲ್ಲಿ ಇಟ್ಟಿದ್ದೆ. ಮೊನ್ನೆ ಶನಿವಾರ ಅವರು ಅದನ್ನು ಮೂಗಿಗೇರಿಸಿಕೊಂಡು ಶಾಲೆಗೆ ಬಂದರು, ಮದುಮಗನ ಹಾಗೆ ಎದೆಯುಬ್ಬಿಸಿ. "ನೋಡೇ, ನಿನ್ ಕನ್ನಡಕ ನಂಗೇ ಸರಿಹೋಗ್ತದೆ" ಎಂದರು. ನಾನು ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದೆ. ತಡೆಯಲು ಏನು ಹೇಳಲಿ?

ಹುಡುಗರ ಹದಿನೆಂಟು ಚಿತ್ರಗಳು ಗೋಡೆಯ ಮೇಲಿದ್ದವು. ಮೊದಲನೆಯದರ ಹತ್ತಿರ ಹೋಗಿ ನೋಡಿದರು. ಎರಡನೆಯದು. ಮೂರನೆಯದು.

"ಇದೇನ್ರೋ ಇದು? ಎಲ್ರಿಗೂ ಚಳಿಜ್ವರ ಬಂದಿದ್ಯಾ? ಒಂದ್ ಗೆರೆನಾದ್ರೂ ನೆಟ್ಟಗೆ ನಿಂತಿದ್ಯಾ ನೋಡಿ! ತೋಳು ಬರೀರಿ ಅಂದ್ರೆ ಹುಳ ಹರಿದ ಹಾಗೆ ಬರ್ದಿದೀರಲ್ಲ! ಯಾರ್ರೋ ಕಲಿಸ್ದೋರು ನಿಮ್ಗೆ ಇದನ್ನ?"

ಆಗ ತಾದ್ದೇಯೋ, ಆ ನೂಲುಗಾರನ ಮಗ, ಪೆದ್ದ, ಒಳ್ಳೆಯವನು, ಕೈಯೆತ್ತಿದ.

"ನೀವೇ ಗುರುಗಳೇ. ನಿಮ್ ಹೊಸ ಗೆರೆ. ತುಂಬಾ ಕಷ್ಟ ಇದೆ ಗುರುಗಳೇ, ಮೂರು ತಿಂಗಳಿಂದ ಕಲೀತಿದೀವಿ. ನಡುಗಿಸೋದು ಬರತ್ತೆ, ಆದ್ರೆ ನಿಮ್ ಹಾಗೆ ನಡುಗಲ್ಲ."

ಎದುರು ಗೋಡೆಯ ಮೇಲೆ ಈ ವರ್ಷದ ಮೇಲಿನ ಹಾಳೆಗಳೆಲ್ಲ ಇದ್ದವು. ಅವರು ಆ ಕಡೆ ತಿರುಗಿ, ಕನ್ನಡಕ ಸರಿಮಾಡಿಕೊಂಡು, ಜೀವನದಲ್ಲಿ ಮೊದಲ ಸಲ ತಾವು ಬರೆದದ್ದನ್ನು ನೋಡಿದರು. ಗೆರೆ ನೋಡಿದರು. ಆಮೇಲೆ ತೂತು ನೋಡಿದರು. ತೂತಿನ ಮೇಲೆ ಬೆರಳಾಡಿಸಿದರು. ನನ್ನ ಕಡೆ ತಿರುಗಲಿಲ್ಲ.

"ಇವತ್ತಿಗೆ ಸಾಕು, ಮನೆಗೆ ಹೋಗಿ" ಎಂದರು ಹುಡುಗರಿಗೆ, ಬಹಳ ಮೆತ್ತಗೆ. ಅವರು ಅಷ್ಟು ಮೆತ್ತಗೆ ಮಾತಾಡಿದ್ದಕ್ಕೇ ತಾದ್ದೇಯೋ ಅತ್ತುಬಿಟ್ಟ.

ಇವತ್ತಿಗೆ ಎರಡು ದಿನ. ಶಾಲೆಯ ಬಾಗಿಲು ಹಾಕಿದೆ. ಹಾಳೆಗಳನ್ನೆಲ್ಲ ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಾರೆ. ನನ್ನನ್ನು ಏನೂ ಕೇಳುವುದಿಲ್ಲ. ಬೈದರೆ ಸಾಕಾಗಿತ್ತು ನನಗೆ. ಕೊನೆಯ ಹಾಳೆ, ಸಂತ ಅನ್ನಾ ಮಗಳು ಮೇರಿಗೆ ಹೊಲಿಗೆ ಕಲಿಸುವುದು, ಇನ್ನೂ ಬರೆದಿಲ್ಲ. ಇನ್ನು ನಾಲ್ಕೈದು ವಾರದಲ್ಲಿ ಅಲ್ಲಿ ಹಿಮ ಬೀಳುತ್ತದೆ, ಗಾರೆ ಹಿಡಿಯುವುದಿಲ್ಲ.

ನಾನು ಮಾಡಿದ್ದು ತಪ್ಪೇ?

ಅಮ್ಮ


ಪ್ಯಾಚೆಂಜಾ, ೧ ಅಕ್ಟೋಬರ್ ೧೬೨೩

ಅಪ್ಪಾ,

ಎರಡು ವರ್ಷದ ಮೇಲೆ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಣ್ಣಿಗೆ ಸುಲಭವಾಗಲಿ ಎಂದು ಅಕ್ಷರ ದೊಡ್ಡದು ಮಾಡಿದ್ದೇನೆ. ಕನ್ನಡಕ ನಿಮಗೇ ಇರಲಿ.

ಅಮ್ಮ ಎಲ್ಲ ಬರೆದಿದ್ದಾಳೆ. ಬಾಗಿಲಲ್ಲಿ ನಿಂತು ನಾನು ಆಡಿದ ಮಾತು ತಪ್ಪು. ಕೆಟ್ಟದ್ದು ಎನ್ನುವುದು ಇರಲಿ, ಸುಳ್ಳು ಕೂಡ. ನಿಮ್ಮ ಕೈ ನಿಂತು ಎರಡು ವರ್ಷವಾಯಿತು, ಶಾಲೆ ಮುಚ್ಚಲಿಲ್ಲ. ನೀವು ಕಲಿಸಿದ್ದನ್ನು ಮನೆಯಲ್ಲಿ ಒಬ್ಬಳು ಕಲಿತುಬಿಟ್ಟಿದ್ದಳು. ನೀವೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಇಪ್ಪತ್ತು ಕೈ, ಒಂದೇ ಗೆರೆ ಎಂದು ದೊಡ್ಡದಾಗಿ ಹೇಳಿದವನು ನಾನು. ನಾಲ್ಕು ತಿಂಗಳು ಅವಳ ಗೆರೆಯನ್ನು ನಿಮ್ಮದೆಂದು ಹೊಗಳಿದೆ. ನನ್ನ ಕಣ್ಣಿನ ಯೋಗ್ಯತೆ ಇಷ್ಟು. ಶನಿವಾರದ ಗೋಡೆಯ ಮುಂದೆ ನನ್ನನ್ನು ಇನ್ನೂ ಹತ್ತು ವರ್ಷ ನಿಲ್ಲಿಸಬೇಕು ನೀವು.

ಅನ್ನಾಳ ಗೋಡೆ ಖಾಲಿ ಇದೆ. ನಡುಗುವ ಗೆರೆಯಾದರೂ ಸರಿ, ಕಳಿಸಿ. ಅದರ ಗುಂಟವೇ ಹೋಗುತ್ತೇನೆ. ಏನೂ ಕಳಿಸದೆ ಮಾತ್ರ ಇರಬೇಡಿ. ಅಮ್ಮನ ಮೇಲೆ ಕೋಪವಿದ್ದರೆ ನನ್ನ ಮೇಲೆ ತೀರಿಸಿಕೊಳ್ಳಿ, ನನಗೆ ರೂಢಿಯಿದೆ.

ನಿಮ್ಮ ಮಗ
ಫುಲ್ವಿಯೋ


ಬೊಲೊನ್ಯಾ, ೧೪ ಅಕ್ಟೋಬರ್ ೧೬೨೩

ಫುಲ್ವಿಯೋ,

ಈ ಕಾಗದವನ್ನು ನಾನೇ ಬರೆಯುತ್ತಿದ್ದೇನೆ. ನಿನ್ನ ತಾಯಿ ನಕಲು ಮಾಡಿಕೊಡುತ್ತೇನೆ ಎಂದಳು. ಬೇಡ ಎಂದೆ. ಅಕ್ಷರ ಕುಣಿಯುತ್ತದೆ. ಕುಣಿಯಲಿ. ನಿಧಾನವಾಗಿ ಓದು.

ಹಾಳೆ ಕಳಿಸಿದ್ದೇನೆ. ಅದರ ಮೇಲಿನ ಹಾಳೆ ಎಲ್ಲಿ ಎಂದು ಹುಡುಕಬೇಡ. ಇಲ್ಲ.

ನಡೆದದ್ದು ಹೀಗೆ. ನಿನ್ನ ಕಾಗದ ಬಂದ ದಿನ ನಾನು ಅವಳನ್ನು ಕೇಳಿದೆ. "ಯಾಕೆ ನಂಗೆ ಹೇಳ್ಲಿಲ್ಲ?" "ನೀವು ಕೇಳ್ಲಿಲ್ಲ" ಎಂದಳು. "ಬರೆಯೋಕ್ಕೆ ಬರ್ತದೆ ಅಂತ ಯಾಕೆ ಹೇಳ್ಲಿಲ್ಲ?" "ನಂಗೆಲ್ಲಿ ಬರ್ತದೆ?" ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ನಂಬಿದ್ದಳು. ಅದು ನನ್ನ ತಪ್ಪು. ಹದಿನೆಂಟು ಹುಡುಗರಿಗೆ ಕಲಿಸಿದೆ, ಕೈಹಿಡಿದವಳಿಗೆ ಒಂದು ಇದ್ದಿಲ ತುಂಡು ಕೊಡಲಿಲ್ಲ. ಆ ಎರಡು ವಾರ ನಾನು ನಾಚಿದ್ದು ನನ್ನ ಕೈಗಲ್ಲ, ಇದಕ್ಕೆ. ಅವಳು ತಿಳಿದದ್ದೇ ಬೇರೆ. ಕೋಪ ಎಂದುಕೊಂಡಿದ್ದಳು.

ಮರುದಿನ ಮೇಜಿನ ಮೇಲೆ ಖಾಲಿ ಹಾಳೆ ಹಾಕಿ ಇದ್ದಿಲು ಕೊಟ್ಟೆ. ಕೈಯೇ ಏಳಲಿಲ್ಲ ಅವಳಿಗೆ. ಹಿಡಿದು ಕೂತಳು, ಅತ್ತಳು. ಆಮೇಲೆ ಸೂಜಿ ಕೊಟ್ಟೆ. ಸೂಜಿ ಕೈಗೆ ಬಂದದ್ದೇ ತಡ, ಹೊರಟಳು. ಗೆರೆ ಇಲ್ಲ, ಗುರುತಿಲ್ಲ, ನೇರ ಬಿಳಿ ಹಾಳೆಯ ಮೇಲೆ. ನಾನು ಪಕ್ಕದಲ್ಲಿ ಕೂತು "ಅನ್ನಾ ಮಗು ಕಡೆ ನೋಡ್ಲಿ, ಸೂಜಿ ಕಡೆ ಅಲ್ಲ" ಎಂದೆ. ಅದನ್ನು ಕೇಳಿದಳು. "ಹೆಬ್ಬೆರಳು ಸ್ವಲ್ಪ ಕೆಳಗೆ" ಎಂದೆ. "ಸುಮ್ನಿರ್ರೀ, ಹೊಲಿಯೋದು ನಿಮ್ಗೇನು ಗೊತ್ತು?" ಎಂದಳು. ಆರು ದಿನ ಹಿಡಿಯಿತು. ಕೈಗಳಿಗೆ ಬಂದಾಗ ನನ್ನನ್ನು ಎದುರು ಕೂರಲು ಬಿಡಲಿಲ್ಲ, ಬೆಳಕಿಗೆ ಅಡ್ಡ ಬರುತ್ತೀರಿ ಎಂದು ಓಡಿಸಿದಳು. ಬರೀ ತೂತಿನಲ್ಲಿ ನನಗೆ ಏನೂ ಕಾಣುವುದಿಲ್ಲ. ಹೇಗಿದೆ ಎಂದು ನೀನೇ ಹೇಳಬೇಕು.

ಮಠದ ತಾಯಿಗೆ ಎಲ್ಲವನ್ನೂ ಬರೆದಿದ್ದೇನೆ. ಕರಾರು ಮುರಿದವನು ನಾನು. ಅಳಿಸು ಎಂದರೆ ಅಳಿಸು. ಇರಲಿ ಎಂದರೆ ಅವಳ ಹೆಸರು ಸೇರಿಸಿ ಇರಲಿ.

ನಿನ್ನೆ ಶಾಲೆಯ ಬಾಗಿಲು ತೆಗೆದೆ. ನನ್ನ ಹಾಳೆಗಳನ್ನು ನೋಡಿ ಬರೆಯುವುದು ಇನ್ನು ಸಾಕು ಎಂದು ಹುಡುಗರಿಗೆ ಹೇಳಿದೆ. ತಾದ್ದೇಯೋಗೆ ಬಹಳ ಬೇಸರವಾಯಿತು, ನಡುಕ ಈಗಷ್ಟೇ ಕೈಗೆ ಹತ್ತಿತ್ತಂತೆ.

ಹಿಮಕ್ಕೆ ಮುಂಚೆ ಮುಗಿಸು. ಮುಂದಿನ ತಿಂಗಳ ಸಂತ ಮಾರ್ಟಿನನ ಹಬ್ಬಕ್ಕೆ ಮನೆಗೆ ಬಾ. ನೋಡಿ ಹೇಳಲು ನಾನಿದ್ದೇನೆ, ಎಳೆದು ತೋರಿಸಲು ಒಬ್ಬರು ಬೇಕು. ನಿನ್ನ ಗೆರೆಯನ್ನೇ ತಾ.

ನೀಲಿ ಕಮ್ಮಿ ಹಾಕು.

ಅಪ್ಪ


ಪ್ಯಾಚೆಂಜಾ, ೨೯ ಅಕ್ಟೋಬರ್ ೧೬೨೩

ಅಪ್ಪಾ,

ಈ ಕಾಗದವನ್ನು ನೀವೇ ಓದಿ. ಅಮ್ಮ ಓದಿ ಹೇಳುತ್ತೇನೆ ಎಂದರೆ ಕೊಡಬೇಡಿ, ಮುಖ್ಯವಾದ ಸಾಲನ್ನೇ ನುಂಗಿಬಿಡುತ್ತಾಳೆ.

ಗೋಡೆ ಮುಗಿಯಿತು. ಇವತ್ತು ಬೆಳಿಗ್ಗೆ ಬಾವಿಯ ಕಟ್ಟೆಯ ಮೇಲೆ ಮೊದಲ ಹಿಮ ಕಂಡಿತು, ನಿನ್ನೆ ಸಂಜೆಗೆ ನಮ್ಮ ಕೊನೆಯ ಗಾರೆ ಮುಗಿದಿತ್ತು. ತಾಯಿ ಸ್ಕೊಲಾಸ್ತಿಕಾ ನಿಮ್ಮ ಕಾಗದವನ್ನು ಕೈಯಲ್ಲಿ ಹಿಡಿದೇ ಬಂದು ಅನ್ನಾಳ ಕೆಳಗೆ ನಿಂತರು. ಬಹಳ ಹೊತ್ತು ನೋಡಿ, "ಆ ಮಗು ಸೂಜಿ ಹಿಡಿದಿರೋದು ನೋಡಿ. ಗಂಡಸ್ರು ಬರೆದ ಮೇರಿ ಯಾವತ್ತೂ ಸೂಜೀನ ಚಮಚದ ಹಾಗೆ ಹಿಡಿದಿರ್ತಾಳೆ. ಈ ಮಗು ಹೊಲೀತಿದೆ" ಎಂದರು. ಆಮೇಲೆ ಕರಾರು ತರಿಸಿ, ನಿಮ್ಮ ಹೆಸರಿನ ಪಕ್ಕದಲ್ಲಿ "ಮತ್ತು ಆತನ ಹೆಂಡತಿ ಇಪ್ಪೊಲಿತಾಳ" ಎಂದು ತಮ್ಮ ಕೈಯಾರೆ ಬರೆದರು.

ಇನ್ನು ಆ ಕೈಗಳ ವಿಷಯ. ನಿಮ್ಮನ್ನು ಎದುರು ಕೂರಲು ಬಿಡಲಿಲ್ಲ ಎಂದು ಬರೆದಿದ್ದೀರಲ್ಲ.

ಪುಡಿ ತಟ್ಟಿ ಹಾಳೆ ಎತ್ತಿದೆ. ಮಗುವಿನ ಪುಟ್ಟ ಕೈ, ಅದನ್ನು ಹಿಂದಿನಿಂದ ಹಿಡಿದು ನಡೆಸುವ ಅನ್ನಾಳ ಎರಡು ಕೈಗಳು. ಹೆಂಗಸಿನ ಕೈಗೆ ಸ್ವಲ್ಪ ದೊಡ್ಡವು, ಗೆಣ್ಣು ದಪ್ಪ. ಅಮ್ಮನಿಗೆ ಅಳತೆ ತಪ್ಪಿದೆ ಎಂದುಕೊಂಡೆ. ಮತ್ತೆ ನನ್ನ ಬುದ್ಧಿ ಅಷ್ಟೇ. ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಮೇಲಿನ ಗೆಣ್ಣಿನಲ್ಲಿ, ಹೊರಗಡೆಗೆ.

ನಾನು ಅಟ್ಟಣೆಯ ಮೇಲೆ ಕೂತು ಅತ್ತೆ. ಬಾಸ್ತಿಯಾನೋ "ಗಾರೆ ಒಣಗ್ತದೆ ಸ್ವಾಮಿ" ಎನ್ನುತ್ತಲೇ ಇದ್ದ. ಕಣ್ಣೊರೆಸಿಕೊಂಡು ಬರೆದೆ, ಒಂದು ಚುಕ್ಕೆಯನ್ನೂ ಆಚೆ ಈಚೆ ಮಾಡದೆ.

ಹಬ್ಬಕ್ಕೆ ಬರುತ್ತೇನೆ. ಚಳಿ ಕಳೆದ ಮೇಲೆ ನಿಮ್ಮಿಬ್ಬರನ್ನೂ ಮೆಂಗೋನ ಗಾಡಿಯಲ್ಲಿ ಕೂರಿಸಿಕೊಂಡು ಇಲ್ಲಿಗೆ ಕರೆತರುತ್ತೇನೆ. ಅಷ್ಟರವರೆಗೆ ಮಠದ ಹೆಂಗಸರು ದಿನಕ್ಕೆ ಏಳು ಸಲ ಅದರ ಕೆಳಗೆ ಕೂತು ಪ್ರಾರ್ಥನೆ ಮಾಡುತ್ತಿರುತ್ತಾರೆ. ನೀವು ಬಂದು, ಕನ್ನಡಕ ಹಾಕಿಕೊಂಡು, ಕತ್ತೆತ್ತಿ ನೋಡಬೇಕು. ನಿಮ್ಮ ಕೈಗಳು ಅಲ್ಲಿವೆ ಅಪ್ಪಾ. ನಡುಗುತ್ತಿಲ್ಲ.

ನಿಮ್ಮ
ಫುಲ್ವಿಯೋ